ಮಾನ್ಯಾ ಕಟ್ಟಿದ ಮೆಟ್ಟಿಲು

ಪೋರೂರು, ಚೆನ್ನೈ
೧೪ ಜೂನ್ ೨೦೦೩

ಅತ್ತಿಗೆಯವರಿಗೆ ನಮಸ್ಕಾರಗಳು.

ನಾವು ಸುಖವಾಗಿ ತಲುಪಿದೆವು. ಮಾನ್ಯಾ ರೈಲಿನಲ್ಲಿ ಅಳಲಿಲ್ಲ. ನೀವು ಕಟ್ಟಿಕೊಟ್ಟಿದ್ದ ಚಪಾತಿಯಲ್ಲಿ ಒಂದನ್ನು ತಿಂದು, ಮಿಕ್ಕದ್ದನ್ನು ಡಬ್ಬಿಗೆ ಹಾಕಿ ಮುಚ್ಚಿ, ಡಬ್ಬಿಯನ್ನು ತಬ್ಬಿಕೊಂಡೇ ಮಲಗಿದಳು. ಇಲ್ಲಿ ಒಂದನೇ ಕ್ಲಾಸಿಗೆ ಸೇರಿಸಿದ್ದಾಯಿತು. ಶಾಲೆಯ ವ್ಯಾನು ಮನೆಯ ಗೇಟಿನ ಹತ್ತಿರವೇ ಬರುತ್ತದೆ, ಸಂಜೆ ಅಲ್ಲೇ ಇಳಿಸಿ ಹೋಗುತ್ತದೆ. ನಾನು ಅಂಬತ್ತೂರಿನ ಕಾರ್ಖಾನೆಯಿಂದ ಬರುವಾಗ ದೀಪ ಹಚ್ಚುವ ಹೊತ್ತು. ಅಲ್ಲಿಯವರೆಗೆ ಕೆಳಗಿನ ಮನೆಯ ಕೌಸಲ್ಯಾ ಮಾಮಿ ನೋಡಿಕೊಳ್ಳಲು ಒಪ್ಪಿದ್ದಾರೆ. ಅವರ ಅಜ್ಜನ ಕಾಲದಿಂದ ಮದ್ರಾಸಿನಲ್ಲೇ ಇರುವ ಕನ್ನಡದವರು. ಅವರ ಕನ್ನಡದಲ್ಲಿ ತಮಿಳೇ ಹೆಚ್ಚು, ಆದರೂ ಮಗುವಿಗೆ ಅರ್ಥವಾಗುತ್ತದೆ.

ನಿಮ್ಮ ತಂಗಿ ವೃಂದಾ ತೀರಿಕೊಂಡಾಗ ಇವಳು ಏಳು ತಿಂಗಳ ಕೂಸು. ಅಲ್ಲಿಂದ ಇಲ್ಲಿಯವರೆಗೆ ನೀವು ಮತ್ತು ಭಾವ ಸಾಕಿದಿರಿ. ಈಗ ಕರೆದುಕೊಂಡು ಹೋಗುತ್ತೇನೆ ಎಂದು ನಾನು ಕೇಳಿದಾಗ ನೀವು ಒಂದು ಮಾತೂ ಎದುರಾಡಲಿಲ್ಲ. ಅದಕ್ಕೆ ಏನು ಹೇಳಬೇಕೋ ನನಗೆ ಆಗಲೂ ತೋಚಲಿಲ್ಲ, ಈಗಲೂ ತೋಚುತ್ತಿಲ್ಲ.

ಇನ್ನೊಂದು ವಿಷಯವಿದೆ. ಕಳೆದ ಭಾನುವಾರ ನೀವು ಫೋನ್ ಮಾಡಿದ್ದಿರಿ. ನೀವು ಇಟ್ಟ ಮೇಲೂ ಅವಳು ರಿಸೀವರನ್ನು ಕಿವಿಯಿಂದ ತೆಗೆಯಲಿಲ್ಲ. ನಾನು ಬಿಡಿಸಿಕೊಳ್ಳಲು ಹೋದಾಗ ಬಿಗಿಯಾಗಿ ಹಿಡಿದಳು. ಅವತ್ತು ಊಟ ಮಾಡಲಿಲ್ಲ, ಮಾರನೆಯ ದಿನ ಶಾಲೆಯಲ್ಲೂ ಡಬ್ಬಿ ಬಿಚ್ಚಲಿಲ್ಲ. ಸ್ವಲ್ಪ ಕಾಲ ಫೋನ್ ಬೇಡವೇ ಎಂದು ಯೋಚಿಸುತ್ತಿದ್ದೇನೆ. ನಾನು ಕಾಗದ ಬರೆಯುತ್ತಿರುತ್ತೇನೆ. ನಿಮಗೆ ತಪ್ಪೆನಿಸಿದರೆ ದಯವಿಟ್ಟು ಹೇಳಿ.

ಇಲ್ಲಿ ಯಾವ ತಕರಾರೂ ಮಾಡುವುದಿಲ್ಲ. ನೀರು ಬೇಕಾದರೂ ನನ್ನ ಮುಂದೆ ಬಂದು ನಿಂತು, "ನೀರು ಕುಡೀಲಾ?" ಎಂದು ಕೇಳುತ್ತಾಳೆ. ಕುಡಿ ಎಂದ ಮೇಲೆಯೇ ಕುಡಿಯುತ್ತಾಳೆ.

ಭಾವನವರಿಗೆ ನನ್ನ ನಮಸ್ಕಾರ.

ಪ್ರತಾಪ್


ಹುಣಸೂರು
೨೪ ಜೂನ್ ೨೦೦೩

ಪ್ರತಾಪ್ ಅವರಿಗೆ ಅನಸೂಯಳ ಆಶೀರ್ವಾದಗಳು.

ಫೋನ್ ಮಾಡುವುದಿಲ್ಲ. ನಮ್ಮ ಮನೆಯವರಿಗೂ ಹೇಳಿದ್ದೇನೆ. "ಹಾಗಾದ್ರೆ ಈ ಫೋನ್ ಯಾಕಿರಬೇಕು" ಎಂದು ಕೇಳಿ, ನಾನು ಉತ್ತರ ಕೊಡುವ ಮೊದಲೇ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು. ಸ್ಕೂಲು ಶುರುವಾಗಿದೆ, ಮಕ್ಕಳಿಗೆ ಡ್ರಾಯಿಂಗ್ ಹೇಳಿಕೊಡುವುದರಲ್ಲಿ ಅವರಿಗೆ ಹೊತ್ತು ಹೋಗುತ್ತದೆ. ನನಗೂ ಕೆಲಸಕ್ಕೇನು ಕಡಿಮೆಯಿಲ್ಲ.

ಅವಸರದಲ್ಲಿ ಕೆಲವು ಸಂಗತಿ ಹೇಳುವುದು ಮರೆತೆ. ಅವಳಿಗೆ ಸಾರನ್ನು ಅನ್ನದ ಮೇಲೆ ಸುರಿಯಬೇಡಿ, ಬಟ್ಟಲಲ್ಲಿ ಬೇರೆ ಕೊಡಿ, ತಾನೇ ಕಲೆಸಿಕೊಳ್ಳುತ್ತಾಳೆ. ಕುಕ್ಕರ್ ಕೂಗಿದರೆ ಹೆದರುತ್ತಾಳೆ. ಕೂಗುವ ಮುಂಚೆ, ಸದ್ದು ಬದಲಾಗುತ್ತದಲ್ಲ, ಆಗಲೇ "ಈಗ ಕೂಗುತ್ತೆ ನೋಡು" ಎಂದು ಹೇಳಿಬಿಡಬೇಕು. ಹೇಳಿದರೆ ನಗುತ್ತಾಳೆ. ತಲೆಯಲ್ಲಿ ಎಡಗಡೆ ಒಂದು ಸುಳಿಯಿದೆ, ಅಲ್ಲಿ ಬೈತಲೆ ತೆಗೆದರೆ ಕೂದಲು ನಿಲ್ಲುವುದಿಲ್ಲ, ಬಲಕ್ಕೆ ತೆಗೆಯಿರಿ. ನಿದ್ದೆ ಬಂದಾಗ ಕಿವಿ ಉಜ್ಜಿಕೊಳ್ಳುತ್ತಾಳೆ. ಅದು ಕಿವಿನೋವಲ್ಲ, ಡಾಕ್ಟರ ಹತ್ತಿರ ಓಡಬೇಡಿ.

ನೀರು ಕೇಳಿ ಕುಡಿಯುತ್ತಾಳೆ ಎಂದು ಬರೆದಿದ್ದೀರಿ. ಇಲ್ಲಿ ಕೇಳಿದವಳೇ ಅಲ್ಲ. ಕೊಡದಿಂದ ಲೋಟ ಅದ್ದಿ ಅದ್ದಿ ತೆಗೆದು ಅಡಿಗೆಮನೆಯನ್ನೆಲ್ಲ ಒದ್ದೆ ಮಾಡುತ್ತಿದ್ದಳು. ನಾನು ಬಯ್ಯುತ್ತಿದ್ದೆ.

ಅವಳು ನನ್ನನ್ನು ಅಮ್ಮ ಎನ್ನುವುದು ನಿಮಗೆ ಬೇಸರವೋ ಏನೋ ಎಂದು ಎಷ್ಟೋ ಸಲ ಅನಿಸಿದೆ. ನಾನು ದೊಡ್ಡಮ್ಮ ಅಂತಲೇ ಹೇಳಿಕೊಟ್ಟಿದ್ದೆ. ಅವಳ ಬಾಯಲ್ಲಿ ಆ 'ದೊಡ್ಡ' ನಿಲ್ಲಲಿಲ್ಲ. ನಿಮ್ಮ ಮೇಲಾಣೆ, ನಾನು ಕಲಿಸಿದ್ದಲ್ಲ.

ನನ್ನನ್ನು ಕೇಳುತ್ತಾಳೆಯೇ? ಬೇಡ, ಅದನ್ನು ಬರೆಯಬೇಡಿ.

ಅನಸೂಯ


ಪೋರೂರು
೨೭ ಜುಲೈ ೨೦೦೩

ಅತ್ತಿಗೆಯವರಿಗೆ ನಮಸ್ಕಾರಗಳು.

ಕುಕ್ಕರಿನ ವಿಷಯ ಹೇಳಿ ಬಹಳ ಉಪಕಾರ ಮಾಡಿದಿರಿ. ಅದು ಕೂಗಿದಾಗಲೆಲ್ಲ ಅವಳು ಬಚ್ಚಲಿಗೆ ಓಡುವುದು ಯಾಕೆಂದು ನನಗೆ ತಿಳಿದಿರಲಿಲ್ಲ. ಈಗ ಮೊದಲೇ ಹೇಳುತ್ತೇನೆ. ನಗುವುದಿಲ್ಲ, ಆದರೆ ಓಡುವುದಿಲ್ಲ. ಜಡೆ ಹಾಕುವುದನ್ನು ಮಾಮಿ ಕಲಿಸಿದರು. ನನ್ನ ಜಡೆ ಶಾಲೆ ತಲುಪುವವರೆಗೂ ನಿಲ್ಲುವುದಿಲ್ಲ. ವ್ಯಾನಿನ ಆಯಾ ಮತ್ತೆ ಹಾಕಿ ಕಳಿಸುತ್ತಾಳೆ.

ಊರಿನಲ್ಲಿ ನೀರಿಗೆ ಪರದಾಟ. ಲಾರಿ ಬಂದರೆ ಬೀದಿಯವರೆಲ್ಲ ಕೊಡ ಹಿಡಿದು ಓಡಬೇಕು. ಕಳೆದ ವಾರ ನಾನು ಕ್ಯೂನಲ್ಲಿ ನಿಂತಿದ್ದಾಗ ಮಾನ್ಯಾ ತಾನಾಗಿಯೇ ಚಿಕ್ಕ ಬಕೆಟ್ ತಂದು ನನ್ನ ಪಕ್ಕ ನಿಂತಳು. ಬಕೆಟ್ ತುಂಬಿದ ಮೇಲೆ ಎರಡೂ ಕೈಯಲ್ಲಿ ಎತ್ತಿಕೊಂಡು ಮಹಡಿಗೆ ಹೋದಳು. ನಾನು ಸಹಾಯಕ್ಕೆ ಕೈ ಚಾಚಿದರೆ ತಲೆಯಾಡಿಸಿಬಿಟ್ಟಳು.

ಮನೆಯಲ್ಲಿ ನಾವಿಬ್ಬರೇ ಕೂತಿರುತ್ತೇವೆ. ಶಾಲೆಯಲ್ಲಿ ಏನು ಕಲಿಸಿದರು ಎಂದು ಕೇಳುತ್ತೇನೆ. "ಪಾಠ" ಎನ್ನುತ್ತಾಳೆ. ಯಾರ ಪಕ್ಕ ಕೂತಿದ್ದೆ ಎಂದರೆ "ಹುಡುಗಿ ಪಕ್ಕ" ಎನ್ನುತ್ತಾಳೆ. ಆಮೇಲೆ ನಾನು ಟೀವಿ ಹಾಕುತ್ತೇನೆ. ಮಕ್ಕಳೊಡನೆ ಏನು ಮಾತಾಡಬೇಕೆಂದು ಬೇರೆಯವರು ಎಲ್ಲಿ ಕಲಿಯುತ್ತಾರೋ.

ನನ್ನ ಜೊತೆ ಕೆಲಸ ಮಾಡುವ ತಿರುಮಲ ಒಂದು ಪೇಪರ್ ಕಟಿಂಗ್ ತಂದುಕೊಟ್ಟ. ನುಂಗಂಬಾಕ್ಕಂನಲ್ಲಿ ಒಂದು ದೊಡ್ಡ ಆಟದ ಸಾಮಾನಿನ ಅಂಗಡಿ ಇದೆ. ಅಲ್ಲಿ ಮುಂದಿನ ತಿಂಗಳು ಮಕ್ಕಳಿಗಾಗಿ ಬ್ಲಾಕ್ಸ್ ಜೋಡಿಸುವ ಕಾರ್ಯಕ್ರಮವಂತೆ. ಒಂದಕ್ಕೊಂದು ಸಿಕ್ಕಿಸಿ ಮನೆ, ಗಾಡಿ ಎಲ್ಲ ಮಾಡುವ ಪ್ಲಾಸ್ಟಿಕ್ ಇಟ್ಟಿಗೆಗಳು ಬರುತ್ತವಲ್ಲ, ಅವು. ತಂದೆ ಅಥವಾ ತಾಯಿ ಜೊತೆಯಲ್ಲಿ ಕೂತು ಕಟ್ಟಬೇಕು. "ನಿಮ್ಮ ಮಗುವಿಗೂ ಬೇರೆ ಮಕ್ಕಳ ಮುಖ ಕಂಡ ಹಾಗಾಗುತ್ತೆ ಸಾರ್" ಎಂದ ತಿರುಮಲ. ಹೆಸರು ಕೊಟ್ಟಿದ್ದೇನೆ. ಅವಳಿಗೆ ಹೇಳಿದೆ. "ಹೂಂ" ಎಂದಳು.

ಪ್ರತಾಪ್


ಹುಣಸೂರು
೯ ಆಗಸ್ಟ್ ೨೦೦೩

ಪ್ರತಾಪ್ ಅವರಿಗೆ ಆಶೀರ್ವಾದಗಳು.

ನಿನ್ನೆ ವರಮಹಾಲಕ್ಷ್ಮಿ ಹಬ್ಬವಾಯಿತು. ಅರಿಸಿನ ಕುಂಕುಮಕ್ಕೆ ಬಂದವರೆಲ್ಲ "ಮಾನ್ಯಾ ಎಲ್ಲಿ" ಎಂದವರೇ. ಅಪ್ಪನ ಹತ್ತಿರ ಇದ್ದಾಳೆ ಎಂದು ಹೇಳಿ ಹೇಳಿ ಸಾಕಾಯಿತು. ಕೊನೆಗೆ ಬಂದವರಿಗೆ ಕೇಳುವ ಮೊದಲೇ ಹೇಳಿಬಿಟ್ಟೆ.

ಪಾರ್ಸೆಲಿನಲ್ಲಿ ಒಂದು ಫ್ರಾಕ್ ಕಳಿಸಿದ್ದೇನೆ. ಕೈಯಲ್ಲೇ ಹೊಲಿದದ್ದು. ಅಳತೆ ನೆನಪಿನ ಮೇಲೆ ಹಿಡಿದಿದ್ದೇನೆ, ಸ್ವಲ್ಪ ದೊಡ್ಡದೇ ಇಟ್ಟಿದ್ದೇನೆ. ಆ ಬ್ಲಾಕ್ಸ್ ಕಾರ್ಯಕ್ರಮಕ್ಕೆ ಅದನ್ನೇ ಹಾಕಿ. ನಾನು ಹೊಲಿದೆ ಎಂದು ಹೇಳಬೇಕಾಗಿಲ್ಲ.

ಅನಸೂಯ


ಪೋರೂರು
೨೫ ಆಗಸ್ಟ್ ೨೦೦೩

ಅತ್ತಿಗೆಯವರಿಗೆ ನಮಸ್ಕಾರಗಳು.

ನಿನ್ನೆ ಆ ಕಾರ್ಯಕ್ರಮಕ್ಕೆ ಹೋಗಿ ಬಂದೆವು. ಫ್ರಾಕು ಹಾಕಿಕೊಂಡಿದ್ದಳು. ಉದ್ದ ಸರಿಯಾಗಿದೆ, ಭುಜದ ಹತ್ತಿರ ಮಾತ್ರ ಒಂದು ಪಿನ್ನು ಹಾಕಬೇಕಾಯಿತು. ನಾನು ಏನೂ ಹೇಳಲಿಲ್ಲ. ಅವಳೇ ಹೊಲಿಗೆಯನ್ನು ಮೂಸಿ ನೋಡಿದಳು.

ಅಂಗಡಿಯ ಮೇಲಿನ ಮಹಡಿಯಲ್ಲಿ ಗಿಡ್ಡ ಗಿಡ್ಡ ಮೇಜುಗಳನ್ನು ಸಾಲಾಗಿ ಹಾಕಿದ್ದರು. ಪ್ರತಿ ಮೇಜಿಗೂ ಒಂದು ತಟ್ಟೆ ತುಂಬ ಬಣ್ಣದ ಬ್ಲಾಕ್ಸ್. ದೊಡ್ಡವರಿಗೂ ಮಕ್ಕಳ ಕುರ್ಚಿಯೇ. ಹೆಚ್ಚಿನ ಮಕ್ಕಳ ಜೊತೆ ತಾಯಂದಿರಿದ್ದರು, ಕೆಲವರ ಜೊತೆ ಇಬ್ಬರೂ. ಕೆಂಪು ಟೀ ಶರ್ಟಿನ ಒಬ್ಬ ಹುಡುಗಿ ಮೈಕ್ ಹಿಡಿದು ಇಂಗ್ಲಿಷಿನಲ್ಲೂ ತಮಿಳಿನಲ್ಲೂ ಹೇಳಿದಳು: ಇವತ್ತಿನ ವಿಷಯ 'ನಮ್ಮ ಮನೆ', ಪ್ರತಿಯೊಬ್ಬರೂ ತಮ್ಮ ಮನೆಯನ್ನು ಕಟ್ಟಬೇಕು.

ನಾನು ಕಾರ್ಖಾನೆಯಲ್ಲಿ ದಿನವೂ ಅಳತೆ ನೋಡುವವನು. ಕೆಳಗೆ ಅಗಲವಾಗಿ ತಳಪಾಯ ಹಾಕೋಣವೆಂದು ನಾಲ್ಕು ಕೆಂಪು ಬ್ಲಾಕ್ಸ್ ಜೋಡಿಸಿ ಅವಳ ಮುಂದಿಟ್ಟೆ. ಅವಳು ಅವನ್ನು ಮೆಲ್ಲಗೆ ಬಿಡಿಸಿ ತಟ್ಟೆಗೆ ಹಾಕಿದಳು. ಸುಮ್ಮನೆ ಕೈಕಟ್ಟಿ ಕೂತೆ. ಸ್ವಲ್ಪ ಹೊತ್ತಾದ ಮೇಲೆ ತಲೆ ಎತ್ತದೆಯೇ ಕೈ ಚಾಚಿ, "ಅಪ್ಪಾ, ಮಂಜಳ್ ಕುಡು" ಎಂದಳು. ಹಳದಿ ಕೊಡು ಎಂದು. ಹುಡುಕಿ ಕೊಟ್ಟೆ. "ಇನ್ನೊಣ್ಣು" ಎಂದಳು. ಅತ್ತಿಗೆ, ಇಲ್ಲಿಗೆ ಬಂದ ಮೇಲೆ ಅವಳು ನನಗೆ ಹೇಳಿದ ಮೊದಲ ಕೆಲಸ ಅದು. ಅನುಮತಿ ಕೇಳಲಿಲ್ಲ, ಹೇಳಿದಳು. ತಟ್ಟೆಯಲ್ಲಿದ್ದ ಹಳದಿಯನ್ನೆಲ್ಲ ಹೆಕ್ಕಿ ಕೊಟ್ಟೆ. ಪಕ್ಕದ ಮೇಜಿನವರ ಹತ್ತಿರ ಹೋಗಿ ಕೇಳಿಯೂ ತಂದೆ.

ಆ ಪಕ್ಕದ ಮೇಜಿನಲ್ಲಿ ಒಬ್ಬ ಹುಡುಗಿ ಇದ್ದಳು, ಇವಳ ವಯಸ್ಸಿನವಳೇ. ಮಾನ್ಯಾ ಅವಳ ಜೊತೆ ಮಾತಿಗೆ ತೊಡಗಿದಳು. ತಮಿಳಿನಲ್ಲಿ. ಎಲ್ಲಿ ಕಲಿತಳೋ, ವ್ಯಾನಿನಲ್ಲೇ ಇರಬೇಕು. ತನ್ನ ಟೀಚರಿನ ಬಗ್ಗೆ, ಯಾರೋ ವಾಂತಿ ಮಾಡಿದ ಬಗ್ಗೆ, ಮಾಮಿ ಮನೆಯ ಗಿಳಿಯ ಬಗ್ಗೆ, ಒಂದೇ ಸಮನೆ ಮಾತು. ನಕ್ಕಳು ಕೂಡ. ಎರಡೂವರೆ ತಿಂಗಳಿನಿಂದ ಒಂದೊಂದು ಪದಕ್ಕೆ ಕಾದು ಕೂತಿದ್ದ ನಾನು, ಪಕ್ಕದಲ್ಲೇ ಕೂತು ಕೇಳುತ್ತಿದ್ದೆ. ಸಂತೋಷವಾಯಿತು. ಜೊತೆಗೆ ಇನ್ನೊಂದು ಏನೋ ಆಯಿತು, ಅದಕ್ಕೆ ಹೆಸರು ಗೊತ್ತಿಲ್ಲ.

ಎಲ್ಲರೂ ಹಂಚಿನ ಮನೆ, ಗಾರ್ಡನ್ನು, ನಾಯಿಗೂಡು ಕಟ್ಟುತ್ತಿದ್ದರು. ಇವಳು ಕಟ್ಟಿದ್ದು ಮೆಟ್ಟಿಲು. ಗೋಡೆಯಿಲ್ಲ, ಬಾಗಿಲಿಲ್ಲ, ಬರೀ ಹಳದಿ ಮೆಟ್ಟಿಲು. ನಡುವಿನ ಒಂದು ಮೆಟ್ಟಿಲ ಮೇಲೆ ಒಂದು ಚಿಕ್ಕ ನೀಲಿ ಬ್ಲಾಕ್ ಇಟ್ಟಳು. ಮೈಕ್ ಹಿಡಿದ ಹುಡುಗಿ ಬಂದು ತಮಿಳಿನಲ್ಲಿ ಕೇಳಿದಳು:

"ವೀಡು ಎಂಗಮ್ಮಾ?" ಮನೆ ಎಲ್ಲಿ ಎಂದು.

ಮಾನ್ಯಾ ಮೈಕಿಗೆ ಬಾಯಿ ಹಚ್ಚಿ ಹೇಳಿದಳು: "ಇದು ಎಂಗ ವೀಟ್ಟು ಪಡಿ. ನಾನ್ ಇಂಗದಾನ್ ಉಕ್ಕಾಂದಿರುಪ್ಪೇನ್. ಅಪ್ಪಾ ವರ್ರ ವರೈಕ್ಕುಂ."

ಇದು ನಮ್ಮ ಮನೆಯ ಮೆಟ್ಟಿಲು. ನಾನು ಇಲ್ಲೇ ಕೂತಿರುತ್ತೇನೆ, ಅಪ್ಪ ಬರುವವರೆಗೆ. ಆ ನೀಲಿ ಬ್ಲಾಕ್ ಅವಳು.

ಹಾಲಿನಲ್ಲಿದ್ದವರೆಲ್ಲ ಕೇಳಿಸಿಕೊಂಡರು. ಯಾರೋ "ಪಾವಂ" ಎಂದರು, ಪಾಪ ಎಂದು. ತಾಯಂದಿರು ತಿರುಗಿ ನನ್ನ ಕಡೆ ನೋಡಿದರು. ಮಾಮಿಯ ಮನೆಯಲ್ಲಿ ಟೀವಿ ನೋಡುತ್ತಾ ಇರುತ್ತಾಳೆ ಎಂದು ನಾನು ತಿಳಿದಿದ್ದೆ. ನಾನು ಬಂದಾಗ ಅವಳು ಮೆಟ್ಟಿಲ ಮೇಲೆ ಇರುತ್ತಿದ್ದದ್ದು ನಿಜ. ಆಗಷ್ಟೇ ಹೊರಗೆ ಬಂದಿದ್ದಾಳೆ ಎಂದುಕೊಳ್ಳುತ್ತಿದ್ದೆ.

ಕೊನೆಯಲ್ಲಿ ಎಲ್ಲ ಬಿಡಿಸಿ ತಟ್ಟೆಗೆ ಹಾಕಬೇಕು, ಮಧ್ಯಾಹ್ನದ ಮಕ್ಕಳಿಗೆ ಬೇಕು ಎಂದರು. ಹಲವು ಮಕ್ಕಳು ಅತ್ತರು. ಮಾನ್ಯಾ ಅಳಲಿಲ್ಲ. ತಾನೇ ಬಿಡಿಸಿ, ಬಣ್ಣ ಬಣ್ಣ ಬೇರೆ ಮಾಡಿ ಇಟ್ಟಳು. ಅವರು ಹಾಗೆ ಮಾಡಲು ಹೇಳಿರಲಿಲ್ಲ. ಬಸ್ಸಿನಲ್ಲಿ ವಡಪಳನಿ ದಾಟುವಾಗ ಕಿವಿ ಉಜ್ಜಿಕೊಂಡಳು. ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದಳು.

ಪ್ರತಾಪ್


ಪೋರೂರು
೭ ಸೆಪ್ಟೆಂಬರ್ ೨೦೦೩

ಅತ್ತಿಗೆ,

ನಿಮ್ಮ ಉತ್ತರ ಬರಲಿಲ್ಲ. ಹೋದ ಕಾಗದದಲ್ಲಿ ನಾನು ಬರೆದದ್ದು ನಿಮಗೆ ನೋವು ಮಾಡಿರಬೇಕು.

ಮಾಮಿಯನ್ನು ಕೇಳಿದೆ. ಪಾಪ, ಅವರ ಕಣ್ಣಲ್ಲಿ ನೀರು ಬಂತು. "ನಾನು ಏನ್ ಮಾಡ್ಲಿ ಪ್ರತಾಪ್? ದಿನಾ ಕರೀತೀನಿ. ಹಾಲು ಕೊಡ್ತೀನಿ, ಪಡಿ ಮೇಲೇ ಕುಡೀತಾಳೆ. 'ಉಳ್ಳೆ ವಾ ಕಣ್ಣಾ', ಒಳಗೆ ಬಾ ಅಂದ್ರೆ 'ವೇಂಡಾಂ ಮಾಮಿ' ಅಂತಾಳೆ. ಎತ್ತಿ ಒಳಗೆ ತರೋಕೆ ಆಗತ್ತಾ? ನೀವು ಕೇಳಿದ್ರೆ ಬೇಜಾರ್ ಪಡ್ತೀರಿ ಅಂತ ಹೇಳ್ಲಿಲ್ಲ ಪಾ" ಎಂದರು. ಅವರು ತಮ್ಮ ಹೊಸ್ತಿಲಲ್ಲಿ ತರಕಾರಿ ಹೆಚ್ಚುತ್ತಾ ಅವಳನ್ನು ಕಣ್ಣಿಟ್ಟು ಕಾಯುತ್ತಿದ್ದರಂತೆ. ಅವರ ಮೇಲೆ ನನಗೇನೂ ಇಲ್ಲ.

ಬೇಗ ಬರಲು ಪ್ರಯತ್ನಿಸಿದೆ. ಎರಡು ದಿನ ಆಯಿತು, ಮೂರನೆಯ ದಿನ ಮ್ಯಾನೇಜರು ಕರೆದು ಕೇಳಿದರು. ಬೇರೆ ಶಿಫ್ಟ್ ಇಲ್ಲ.

ನಾನು ಮಾಡಿದ್ದು ತಪ್ಪು ಲೆಕ್ಕಾಚಾರ ಎನಿಸುತ್ತದೆ. ಮಗಳು ತಂದೆಯ ಹತ್ತಿರ ಇರಬೇಕು ಎಂದುಕೊಂಡೆ. ಸಂಜೆಯೆಲ್ಲ ಒಬ್ಬಳನ್ನೇ ಮೆಟ್ಟಿಲ ಮೇಲೆ ಕೂರಿಸುವುದಕ್ಕೆ ತುಂಬಿದ ಮನೆಯಿಂದ ಕಿತ್ತು ತಂದ ಹಾಗಾಯಿತು. ನಿಮ್ಮನ್ನು ಹೇಗೆ ಕೇಳಬೇಕೋ ತಿಳಿಯದು. ಕೊಟ್ಟು, ಕಿತ್ತುಕೊಂಡು, ಮತ್ತೆ ಕೊಡಲು ಅವಳೇನು ಸಾಮಾನಲ್ಲ. ಆದರೂ ಕೇಳುತ್ತಿದ್ದೇನೆ. ದಸರೆಗೆ ಕರೆದುಕೊಂಡು ಬಂದು ನಿಮ್ಮಲ್ಲೇ ಬಿಡಲೇ?

ಪ್ರತಾಪ್


ಹುಣಸೂರು
೧೩ ಸೆಪ್ಟೆಂಬರ್ ೨೦೦೩

ಪ್ರತಾಪ್ ಅವರಿಗೆ ಆಶೀರ್ವಾದಗಳು.

ಕರೆದುಕೊಂಡು ಬನ್ನಿ.

ಸ್ಕೂಲಿನ ಹೆಡ್‌ಮಿಸ್ ಹತ್ತಿರ ಮಾತಾಡಿದ್ದೇನೆ, ಮಧ್ಯದಲ್ಲಿ ಸೇರಿಸಿಕೊಳ್ಳುತ್ತಾರೆ. ಅವಳ ಮಂಚದ ಹತ್ತಿರದ ಗೋಡೆಗೆ ಮನೆಯವರು ಸುಣ್ಣ ಹೊಡೆದರು, ಎರಡು ನವಿಲು ಬರೆದಿದ್ದಾರೆ. ಒಂದಕ್ಕೆ ಬಾಲ ಹೆಚ್ಚಾಯಿತು ಎಂದು ನಾನು ಹೇಳಿದ್ದಕ್ಕೆ ಮೂರು ತಿಂಗಳ ಮೇಲೆ ನನ್ನ ಜೊತೆ ಜಗಳವಾಡಿದರು. ಮನೆಯಲ್ಲಿ ದನಿ ಎದ್ದು ಎಷ್ಟು ದಿನವಾಗಿತ್ತು.

ಉತ್ತರ ತಡವಾದದ್ದಕ್ಕೆ ಬೇಜಾರು ಬೇಡ. ಬರೆದು ಬರೆದು ಹರಿದೆ. ಆ ಮೆಟ್ಟಿಲ ಕಾಗದ ಓದಿದ ಮೇಲೆ ಏನು ಬರೆದರೂ, ಅವಳನ್ನು ಕಳಿಸಿಕೊಡಿ ಎಂದೇ ಬರುತ್ತಿತ್ತು. ನಿಮ್ಮ ಬಾಯಿಂದಲೇ ಬರಲಿ ಎಂದು ಸುಮ್ಮನಾದೆ.

ಅನಸೂಯ


ಪೋರೂರು
೧೧ ಅಕ್ಟೋಬರ್ ೨೦೦೩

ಅತ್ತಿಗೆಯವರಿಗೆ ನಮಸ್ಕಾರಗಳು.

ಸುಖವಾಗಿ ತಲುಪಿದೆ. ಹೊರಡುವಾಗ ಅವಳನ್ನು ಎಬ್ಬಿಸಬೇಡಿ ಎಂದು ನೀವು ಹೇಳಿದ್ದು ಸರಿಯೇ ಇರಬೇಕು. ಎದ್ದಿದ್ದರೆ ನನಗೆ ಹೊರಡಲು ಆಗುತ್ತಿತ್ತೋ ಇಲ್ಲವೋ. ಬಾಗಿಲಲ್ಲಿ ಭಾವ ನನ್ನ ಭುಜದ ಮೇಲೆ ಕೈಯಿಟ್ಟರು. ಇಷ್ಟು ವರ್ಷದಲ್ಲಿ ಅವರು ಹಾಗೆ ಮಾಡಿದ್ದಿಲ್ಲ.

ಇಲ್ಲಿ ಶಾಲೆಯಿಂದ ಹೆಸರು ತೆಗೆಸಬೇಕು. ಇನ್ನೂ ಹೋಗಿಲ್ಲ. ವ್ಯಾನಿನವನಿಗೂ ಹೇಳಿರಲಿಲ್ಲ, ಬೆಳಿಗ್ಗೆ ಬಂದು ಹಾರನ್ ಹೊಡೆದ. ಮೇಲಿನಿಂದ ಕೈಯಾಡಿಸಿ ಇಲ್ಲ ಎಂದೆ. ಮಾರನೆಯ ದಿನವೂ ಬಂದ.

ಮಾಮಿ ದಿನವೂ ಹುಳಿಯೋ ಕೂಟೋ ಕೊಟ್ಟು ಕಳಿಸುತ್ತಾರೆ. ಈಗ ಬೇಗ ಮನೆಗೆ ಬರಬೇಕಾದ ಅಗತ್ಯವಿಲ್ಲ ಎಂದು ಓವರ್‌ಟೈಮ್ ಒಪ್ಪಿಕೊಂಡಿದ್ದೇನೆ. ಅನ್ನಕ್ಕೆ ಕುಕ್ಕರ್ ಇಡುವುದಿಲ್ಲ. ಹೋಟೆಲಿನಲ್ಲಿ ಆಗುತ್ತದೆ.

ಅವಳು ಹೇಗಿದ್ದಾಳೆ, ಎರಡು ಸಾಲು ಬರೆಯಿರಿ.

ಪ್ರತಾಪ್


ಹುಣಸೂರು
೧೬ ಅಕ್ಟೋಬರ್ ೨೦೦೩

ಪ್ರತಾಪ್,

ಎರಡು ಸಾಲಿನಲ್ಲಿ ಆಗುವುದಿಲ್ಲ.

ಮೊದಲ ದಿನ ಎದ್ದವಳೇ ಮನೆಯೆಲ್ಲ ಹುಡುಕಿದಳು. ಬಚ್ಚಲ ಬಾಗಿಲು ತಟ್ಟಿದಳು. ಊರಿಗೆ ಹೋದರಮ್ಮ ಎಂದೆ. "ಓ" ಎಂದಳು. ಆಮೇಲೆ ಚೆನ್ನಾಗಿಯೇ ಇದ್ದಳು. ನೀರು ಚೆಲ್ಲಿದಳು, ನವಿಲಿಗೆ ಕಣ್ಣು ಬರೆದಳು, ಪಕ್ಕದ ಮನೆ ಮಕ್ಕಳ ಜೊತೆ ಆಡಿದಳು. ನಾನು ಬೀದಿಯವರಿಗೆಲ್ಲ, ಇನ್ನು ಇಲ್ಲೇ ಇರುತ್ತಾಳೆ ಎಂದು ಸಾರಿಬಿಟ್ಟೆ. ನನಗೆ ಎಷ್ಟು ಸಂತೋಷವಾಗಿತ್ತೆಂದು ನಿಮಗೆ ಹೇಳಲಾರೆ, ಹೇಳಲೂಬಾರದು.

ಸೋಮವಾರ ಸ್ಕೂಲಿನಲ್ಲಿ ಓಡುವಾಗ ಬಿದ್ದಳು. ಮಂಡಿ ಚೆನ್ನಾಗಿ ಕಿತ್ತುಹೋಗಿತ್ತು. ಮಿಸ್ ಎತ್ತಿಕೊಂಡು ಬಂದರು. ನಾನು ಡೆಟಾಲು, ಹತ್ತಿ ತೆಗೆದುಕೊಂಡು ಓಡಿ ಬಂದೆ. ಈ ಮಗು ಚಿಕ್ಕಂದಿನಿಂದ ಬಿದ್ದಾಗಲೆಲ್ಲ ಕೂಗಿದ್ದು "ಅಮ್ಮಾ" ಎಂದೇ. ನನ್ನ ಕಿವಿ ಅದಕ್ಕೇ ಕಾದಿತ್ತು. ಅವಳು ನನ್ನ ಮುಖ ನೋಡಿಕೊಂಡೇ "ಅಪ್ಪಾ" ಎಂದು ಕೂಗಿದಳು. "ಅಪ್ಪಾ, ವಲಿಕ್ಕುದು, ವಲಿಕ್ಕುದು" ಎಂದು. ಆ ಪದ ನನಗೆ ಬರುವುದಿಲ್ಲ. ನೋವು ಅಂತಿರಬೇಕು ಎಂದು ಗಾಯ ನೋಡಿ ತಿಳಿದುಕೊಂಡೆ. ನನ್ನ ತೊಡೆಯ ಮೇಲೆ ಕೂತು, ನನಗೆ ತಿಳಿಯದ ಮಾತಿನಲ್ಲಿ ನಿಮ್ಮನ್ನು ಕರೆದು ಅತ್ತಳು. ಇಲ್ಲಿಂದ ಹೋಗುವಾಗ ಅಳಲಿಲ್ಲ, ಅಲ್ಲಿ ಅಳಲಿಲ್ಲ ಎಂದು ಬರೆದಿದ್ದಿರಿ. ಅದೆಲ್ಲ ಒಟ್ಟಿಗೆ ಬಂತು.

ಸಮಾಧಾನವಾದ ಮೇಲೆ ನಾನು ಆ ಮೆಟ್ಟಿಲ ಮಾತು ತೆಗೆದೆ.

"ಮಾಮಿ ಮನೆ ಒಳಗೆ ಕೂತ್ಕೋಬಹುದಿತ್ತಲ್ಲ ಪುಟ್ಟಿ?"

"ಒಳಗಿದ್ರೆ ಗೇಟು ಕಾಣಲ್ಲ."

"ಕಾಣದಿದ್ರೆ ಏನಾಯ್ತು?"

"ಅಪ್ಪ ಬಂದು, ನಾನಿಲ್ಲ ಅಂತ ಹೊರಟೋದ್ರೆ?"

"ಅದು ಅಪ್ಪನ ಮನೆ ಕಣೇ. ಅವರೆಲ್ಲಿಗೆ ಹೋಗ್ತಾರೆ?"

ನನಗೇನೂ ಗೊತ್ತಿಲ್ಲ ಎನ್ನುವ ಹಾಗೆ ನೋಡಿದಳು. "ಹೋಗ್ತಾರಲ್ಲ. ಯಾವಾಗ್ಲೂ ಹೋಗ್ತಾರೆ. ನಾನು ಏಳೋದ್ರೊಳಗೆ ಹೋಗಿರ್ತಾರೆ" ಎಂದಳು.

ನೀವು ತಿಂಗಳಿಗೊಮ್ಮೆ ಬಂದು, ಅವಳು ಮಲಗಿದ ಮೇಲೆ ಚೀಲ ಎತ್ತಿಕೊಂಡು ಹೋಗುತ್ತಿದ್ದಿರಿ. ಅಳುತ್ತಾಳೆ, ಹಾಗೇ ಹೋಗಿ ಎಂದು ಹೇಳುತ್ತಿದ್ದವಳು ನಾನು. ಈ ಸಲವೂ ಹೇಳಿದೆ.

ಅವಳು ಅಲ್ಲಿ ಮೆಟ್ಟಿಲ ಮೇಲೆ ಕೂತದ್ದು ಇಲ್ಲಿಗೆ ಬರಬೇಕು ಅಂತಲ್ಲ ಪ್ರತಾಪ್. ನಾವಿಬ್ಬರೂ ಹಾಗೆಂದುಕೊಂಡೆವು. ನನಗೆ ಹಾಗೆಂದುಕೊಳ್ಳುವುದು ಬೇಕಾಗಿತ್ತು.

ದೀಪಾವಳಿಗೆ ಬನ್ನಿ. ಬಂದು ಕರೆದುಕೊಂಡು ಹೋಗಿ. ಸಂಜೆ ನೋಡಿಕೊಳ್ಳಲು ಏನಾದರೂ ದಾರಿ ಮಾಡೋಣ. ಮಾಮಿಯ ಹೊಸ್ತಿಲಲ್ಲೇ ಒಂದು ಮಣೆ ಹಾಕಿಸಿ, ಅಲ್ಲಿಂದ ಗೇಟು ಕಂಡರೆ ಕೂತಾಳು. ಶಾಲೆಯಲ್ಲಿ ಹೆಸರು ತೆಗೆಸಬೇಡಿ.

ನಾನು ಮನಸ್ಸು ಬದಲಾಯಿಸುವ ಮೊದಲು ಇದನ್ನು ಪೋಸ್ಟಿಗೆ ಹಾಕಿ ಬರಲು ಮನೆಯವರಿಗೆ ಕೊಡುತ್ತಿದ್ದೇನೆ.

ಅನಸೂಯ


ಪೋರೂರು
೨೦ ಅಕ್ಟೋಬರ್ ೨೦೦೩

ಅತ್ತಿಗೆ,

ಕಾಗದ ಇವತ್ತು ಸಿಕ್ಕಿತು. ಶಾಲೆಯಲ್ಲಿ ಹೆಸರು ಹಾಗೇ ಇದೆ. ಗುರುವಾರ ಹೊರಡುತ್ತೇನೆ. ಅಪ್ಪ ಬರುತ್ತಾರೆ ಎಂದು ಅವಳಿಗೆ ಮೊದಲೇ ಹೇಳಿ.

ಪ್ರತಾಪ್


ಹುಣಸೂರು
೨೯ ಅಕ್ಟೋಬರ್ ೨೦೦೩

ಪ್ರತಾಪ್ ಅವರಿಗೆ, ಮಾನ್ಯಾಗೆ ಆಶೀರ್ವಾದಗಳು.

ಮುಟ್ಟಿದಿರೆಂದು ನಿಮ್ಮ ಕಾಗದ ಬರುವ ಮೊದಲೇ ನಾನು ಬರೆಯುತ್ತಿದ್ದೇನೆ. ಚಕ್ಕುಲಿ ಡಬ್ಬಿಯಲ್ಲಿ ಮಾಮಿಯವರ ಪಾಲು ಬೇರೆ ಪೊಟ್ಟಣದಲ್ಲಿದೆ, ಕೊಡುವುದು ಮರೆಯಬೇಡಿ. ಮಂಡಿಯ ಹಕ್ಕಳೆ ಕೀಳಲು ಬಿಡಬೇಡಿ, ತಾನಾಗಿ ಉದುರಲಿ.

ಇಲ್ಲಿಂದಲೇ ಬೀಳ್ಕೊಟ್ಟರೆ ಸಾಕು ಎಂದು ಮನೆಯವರು ಹೇಳಿದ್ದರು. ಮೈಸೂರಿನ ಸ್ಟೇಷನ್ನಿಗೆ ಬರುತ್ತೇನೆ ಎಂದು ಹಟ ಹಿಡಿದವಳು ನಾನು. ಯಾರು ಹೋಗುತ್ತಾರೆ, ಯಾರು ಉಳಿಯುತ್ತಾರೆ, ಎಲ್ಲವನ್ನೂ ಅವಳು ಎಚ್ಚರವಾಗಿದ್ದು ನೋಡಲಿ ಎನಿಸಿತು. ಕಿಟಕಿಯಿಂದ ಕೈ ಚಾಚಿ, "ನೀನೂ ಹತ್ತು ಅಮ್ಮಾ, ಜಾಗ ಇದೆ" ಎಂದಳಲ್ಲ, ಆಗ ನೀವು ಆ ಕಡೆ ತಿರುಗಿದಿರಿ. ನಾನು ನೋಡಿದೆ. ನಾನು ಅಳಲಿಲ್ಲ ಎಂದು ನಿಮಗೆ ಆಶ್ಚರ್ಯವಾಗಿರಬೇಕು. ಅವಳು ಇಲ್ಲಿಂದ ಹೋದ ಸಲ, ಬಸ್ಸು ಕಾಣದಾದ ಮೇಲೆ ಬಾವಿಕಟ್ಟೆಯ ಹತ್ತಿರ ಹೋಗಿ ಅತ್ತಿದ್ದೆ. ಅದು ಯಾರಿಗೂ ಗೊತ್ತಿಲ್ಲ, ನಮ್ಮ ಮನೆಯವರಿಗೂ. ಈ ಸಲ ನಾನೇ ಕಳಿಸಿದ್ದು. ಅಳುವುದಕ್ಕೆ ಯಾರನ್ನು ದೂರಲಿ?

ರೈಲು ಹೋದ ಮೇಲೆ ಇಬ್ಬರೂ ಸ್ವಲ್ಪ ಹೊತ್ತು ಬೆಂಚಿನ ಮೇಲೆ ಕೂತೆವು. ಮನೆಯವರು ಕಾಫಿ ತಂದುಕೊಟ್ಟರು. ಕುಡಿದು ಬಸ್‌ಸ್ಟ್ಯಾಂಡಿಗೆ ಬಂದೆವು. ಹಬ್ಬದ ಗದ್ದಲ, ಆದರೂ ಸೀಟು ಸಿಕ್ಕಿತು. ಮನೆಯವರು ಕಿಟಕಿಯ ಹತ್ತಿರ ಕೂತು ಹೊರಗೆ ನೋಡುತ್ತಿದ್ದರು. ಕಂಡಕ್ಟರ್ ಬಂದಾಗ ನಾನೇ ದುಡ್ಡು ತೆಗೆದು, "ಹುಣಸೂರು, ಎರಡು ಫುಲ್ಲು, ಒಂದು ಹಾಫು" ಎಂದೆ.

ಅವನು ನಮ್ಮ ಸೀಟು ನೋಡಿದ, ಹಿಂದಿನ ಸೀಟು ನೋಡಿದ. "ಮಗು ಎಲ್ಲಮ್ಮಾ?" ಎಂದ.

ನಾನು ಕೈಯಲ್ಲಿದ್ದ ದುಡ್ಡನ್ನು ಮತ್ತೆ ಎಣಿಸಿದೆ.

ಮನೆಯವರು ಕಿಟಕಿಯಿಂದ ಮುಖ ತಿರುಗಿಸದೆಯೇ, "ಕೊಡಪ್ಪ, ಮೂರೂ ಕೊಡು" ಎಂದರು.

ಅನಸೂಯ